ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೆಷ್ಟು? ಕಷ್ಟದ ಪಾಠ ತಲೆಗೆ ಹತ್ತುವ ಬಗೆ

ಪಿಯುಸಿ ವಿಜ್ಞಾನ ತರಗತಿಗಳು ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಕೇಳುತ್ತದೆ: "ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಅಂಕ ತೆಗೆದವಳು, ಈಗ ರಾತ್ರಿ ಹನ್ನೊಂದರವರೆಗೆ ಓದಿದರೂ ಏನೂ ತಲೆಗೆ ಹತ್ತುತ್ತಿಲ್ಲ ಅನ್ನುತ್ತಾಳೆ." ಹುಡುಗಿ ನೆಪ ಹೇಳುತ್ತಿಲ್ಲ, ದಡ್ಡಿಯೂ ಅಲ್ಲ. ಪಾಠದ ಜಾತಿ ಬದಲಾಗಿದೆ, ಓದುವ ಕ್ರಮ ಮಾತ್ರ ಹಳೆಯದೇ ಉಳಿದಿದೆ. ಹತ್ತನೇ ತರಗತಿಯಲ್ಲಿ ನಾಲ್ಕು ಸಲ ಓದಿದರೆ ಉಳಿಯುತ್ತಿದ್ದದ್ದು ಇಲ್ಲಿ ಹತ್ತು ಸಲ ಓದಿದರೂ ಉಳಿಯುವುದಿಲ್ಲ.

ಕಷ್ಟದ ವಿಷಯ ಕಲಿಯುವುದು ಹೇಗೆ ಎಂಬುದರ ಬಗ್ಗೆ ಮನಶ್ಶಾಸ್ತ್ರದಲ್ಲಿ ನೂರು ವರ್ಷಕ್ಕೂ ಮೀರಿದ ಪ್ರಯೋಗಗಳಿವೆ. ಅವುಗಳಲ್ಲಿ ಗಟ್ಟಿಯಾಗಿ ನಿಂತ ಸಂಗತಿಗಳನ್ನು, ಪ್ರಥಮ ಪಿಯುಸಿ ರಸಾಯನವಿಜ್ಞಾನದ ಬಾಗಿಲಲ್ಲೇ ಎದುರಾಗುವ 'ಮೋಲ್' ಎಂಬ ಪಾಠವನ್ನು ಮುಂದಿಟ್ಟುಕೊಂಡು ನೋಡೋಣ. ಕಾನೂನು ಓದುವವರಿಗೂ, ಸಿಎ ಪರೀಕ್ಷೆಗೆ ಕೂತವರಿಗೂ, ನಲವತ್ತರ ಮೇಲೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಹೊರಟವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

## 'ಕಷ್ಟ' ಇರುವುದು ಎಲ್ಲಿ?

ನೆನಪಿಗೆ ಎರಡು ಜಾಗಗಳಿವೆ ಎಂದುಕೊಳ್ಳಿ. ಒಂದು ಅಡುಗೆಮನೆಯ ಕಟ್ಟೆ, ಇನ್ನೊಂದು ಉಗ್ರಾಣ. ಉಗ್ರಾಣದಲ್ಲಿ ಎಷ್ಟು ಬೇಕಾದರೂ ತುಂಬಬಹುದು. ಆದರೆ ಹೆಚ್ಚುವುದು, ಬೆರೆಸುವುದು, ಅರೆಯುವುದು ಎಲ್ಲ ನಡೆಯುವುದು ಕಟ್ಟೆಯ ಮೇಲೆ, ಮತ್ತು ಕಟ್ಟೆ ತೀರಾ ಚಿಕ್ಕದು. ಒಮ್ಮೆಗೆ ಎಷ್ಟು ಸಂಗತಿ ಅದರ ಮೇಲೆ ನಿಲ್ಲುತ್ತವೆ? 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಸುಮಾರು ಏಳು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ ನಾಲ್ಕರ ಆಸುಪಾಸಿಗೆ ಇಳಿಸಿದರು. ಈ ಕಟ್ಟೆಯನ್ನು ಇಲ್ಲಿ 'ಕೆಲಸದ ನೆನಪು' ಎಂದು ಕರೆಯೋಣ.

ನಾಲ್ಕೇ ಸಂಗತಿ ಹಿಡಿಯುವ ಮನಸ್ಸು ಇಷ್ಟು ದೊಡ್ಡ ಯೋಚನೆಗಳನ್ನು ಹೇಗೆ ಮಾಡುತ್ತದೆ? ಕಟ್ಟುಗಳಾಗಿ. 'ಸ್ವಾತಂತ್ರ್ಯ' ಎಂಬ ಪದವನ್ನು ನೀವು ಒಂದೇ ನೋಟಕ್ಕೆ ಓದಿಬಿಟ್ಟಿರಿ. ಒಂದನೇ ತರಗತಿಯ ಮಗುವಿಗೆ ಅದೇ ಪದದಲ್ಲಿ ಸ, ದೀರ್ಘ, ವ ಒತ್ತು, ತ, ಸೊನ್ನೆ, ಮತ್ತೆ ತ, ರ ಒತ್ತು, ಯ ಒತ್ತು ಎಂದು ಎಂಟು ಬಿಡಿ ಸಾಮಾನುಗಳಿವೆ. ಕೊನೆಯ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಕಟ್ಟೆಯಿಂದ ಉರುಳಿರುತ್ತದೆ. ಮಗುವಿನ ಬುದ್ಧಿಗೆ ಏನೂ ಕೊರತೆಯಿಲ್ಲ. ಎಂಟು ತುಣುಕುಗಳು ಇನ್ನೂ ಒಂದು ಕಟ್ಟಾಗಿಲ್ಲ, ಅಷ್ಟೇ.

ಚದುರಂಗದಲ್ಲಿ ಇದನ್ನು ಅಳೆದು ನೋಡಿದವರಿದ್ದಾರೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಮಣೆಯನ್ನು 5 ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ನಡುವಿನ ಮಣೆಯಾದರೆ ನುರಿತ ಆಟಗಾರರು ಹೊಸಬರಿಗಿಂತ ಎಷ್ಟೋ ಮುಂದಿದ್ದರು. ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟಾಗ ಆ ಅಂತರ ಬಹುಪಾಲು ಮಾಯವಾಯಿತು. ಪಳಗಿದವರ ಕಟ್ಟೆ ದೊಡ್ಡದಾಗಿರಲಿಲ್ಲ. ಅವರ ಉಗ್ರಾಣದಲ್ಲಿ ಕಟ್ಟಿಟ್ಟ ಗಂಟುಗಳು ಹೆಚ್ಚಾಗಿದ್ದವು.

ಹಾಗಾಗಿ ಒಂದು ಪಾಠ 'ಕಷ್ಟ' ಎಂದರೆ, ಒಂದೇ ಸಲಕ್ಕೆ ಕಟ್ಟೆಯ ಮೇಲೆ ಬಂದು ಬೀಳುವ ಬಿಡಿ ಸಾಮಾನು ಹೆಚ್ಚು ಎಂದರ್ಥ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಈ ಹೊರೆಯ ಲೆಕ್ಕವನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದರು. ಮುಂದೆ ಹೇಳುವುದೆಲ್ಲ ಎರಡು ಕೆಲಸಗಳಿಗೆ ಸಂಬಂಧಿಸಿದ್ದು: ಹೊರೆ ಇಳಿಸುವುದು ಮತ್ತು ಗಂಟು ಕಟ್ಟುವುದು.

## ಭಾಷೆಯ ಹೊರೆಯನ್ನು ಮೊದಲು ಇಳಿಸಿ

ಕನ್ನಡ ಮಾಧ್ಯಮದಿಂದ ಬಂದವರ ಮೇಲೆ ಎರಡು ಹೊರೆ ಒಟ್ಟಿಗೆ ಬೀಳುತ್ತವೆ: ವಿಷಯವೂ ಹೊಸದು, ಹೇಳುವ ಇಂಗ್ಲಿಷೂ ಹೊಸದು. ವಾಕ್ಯ ಬಿಡಿಸುವುದರಲ್ಲೇ ಕಟ್ಟೆ ತುಂಬಿಹೋದರೆ ರಸಾಯನವಿಜ್ಞಾನಕ್ಕೆ ಜಾಗವೆಲ್ಲಿ? ಆದ್ದರಿಂದ ಪಾಠಕ್ಕೆ ಕೂರುವ ಹಿಂದಿನ ದಿನ ಅದರ ಪದಗಳನ್ನಷ್ಟೇ ಬೇರೆಯಾಗಿ ಮುಗಿಸಿಕೊಳ್ಳಿ. ಒಂದು ಪಾಠದಲ್ಲಿ ನಿಜವಾಗಿ ಹೊಸದಾದ ಪದಗಳು ಸಾಮಾನ್ಯವಾಗಿ ಹದಿನೈದು ಇಪ್ಪತ್ತನ್ನು ದಾಟುವುದಿಲ್ಲ.

ನೋಟ್‌ಬುಕ್‌ನಲ್ಲಿ ಮೂರು ಅಂಕಣ ಹಾಕಿ: ಇಂಗ್ಲಿಷ್ ಪದ, ಹತ್ತನೇ ತರಗತಿಯ ಕನ್ನಡ ಪದ, ನಿಮ್ಮದೇ ಒಂದು ಉದಾಹರಣೆ. ಆಕ್ಸಿಲರೇಷನ್, ವೇಗೋತ್ಕರ್ಷ, 'ಸಿಗ್ನಲ್ ಬಿಟ್ಟ ಮೇಲೆ ಬಸ್ಸು ವೇಗ ಏರಿಸಿಕೊಳ್ಳುವುದು'. ಮೂರನೆಯ ಅಂಕಣವನ್ನು ಖಾಲಿ ಬಿಡಬೇಡಿ, ಪದ ನಿಮ್ಮದಾಗುವುದು ಅಲ್ಲಿಯೇ. ಸಂಯುಕ್ತ, ಧಾತು, ಅಣು, ಪರಮಾಣು ನಿಮಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಪುಸ್ತಕದಲ್ಲಿ ಅವೇ ವೇಷ ಬದಲಿಸಿಕೊಂಡು ಬಂದಿವೆ. ಮೂರು ವರ್ಷ ಕನ್ನಡದಲ್ಲಿ ಕಲಿತ ವಿಜ್ಞಾನವನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಬೇಕು ಎಂದುಕೊಳ್ಳುವುದು ದೊಡ್ಡ ನಷ್ಟ.

ಒಂದು ಎಚ್ಚರಿಕೆ ಬೇಕು. ಒಂದೇ ಪದ ಬೇರೆ ಬೇರೆ ವಿಷಯದಲ್ಲಿ ಬೇರೆ ಅರ್ಥ ಕೊಡುತ್ತದೆ. 'ಬೇಸ್' ರಸಾಯನವಿಜ್ಞಾನದಲ್ಲಿ ಪ್ರತ್ಯಾಮ್ಲ, ತ್ರಿಭುಜದಲ್ಲಿ ಪಾದ. 'ಪವರ್' ಗಣಿತದಲ್ಲಿ ಘಾತ, ಭೌತವಿಜ್ಞಾನದಲ್ಲಿ ಸಾಮರ್ಥ್ಯ. 'ವರ್ಕ್' ಅನ್ನುವುದಂತೂ ಮೋಸದ ಪದ: ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು ಅರ್ಧ ಗಂಟೆ ಅಲುಗಾಡದೆ ನಿಂತವನು ಬೆವರಿಳಿಸಿದರೂ, ಭೌತವಿಜ್ಞಾನದ ಪ್ರಕಾರ ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ. ಇಂಥ ಪದಗಳಿಗೆ ನೋಟ್‌ಬುಕ್‌ನಲ್ಲಿ ಕೆಂಪು ಗುರುತು ಹಾಕಿಟ್ಟುಕೊಳ್ಳಿ.

## ಮೊದಲ ಓದು ನಿಧಾನವಾಗಿಯೇ ಇರಲಿ

ಕಾದಂಬರಿಯ ಒಂದು ಪುಟಕ್ಕೆ ಎರಡು ನಿಮಿಷ ಸಾಕು. ಭೌತವಿಜ್ಞಾನದ ಒತ್ತಾದ ಒಂದು ಪುಟಕ್ಕೆ ಹದಿನೈದು, ಇಪ್ಪತ್ತು ನಿಮಿಷ ಹಿಡಿದರೆ ಗಾಬರಿಯಾಗಬೇಕಿಲ್ಲ.

ಪಾಠವನ್ನು ಮೊದಲು ಹತ್ತು ನಿಮಿಷ ಬರೀ ಮಗುಚಿ ನೋಡಿ: ಉಪಶೀರ್ಷಿಕೆಗಳು, ಚಿತ್ರಗಳು, ಕೋಷ್ಟಕಗಳು, ಕೊನೆಯ ಪ್ರಶ್ನೆಗಳು. ಈ ಪಾಠ ಯಾವ ಪ್ರಶ್ನೆಗೆ ಉತ್ತರ ಹೇಳಹೊರಟಿದೆ ಎಂದು ಒಂದು ಸಾಲು ಬರೆದುಕೊಳ್ಳಿ. ಮೋಲ್ ಪಾಠಕ್ಕೆ ಆ ಸಾಲು ಹೀಗಿರಬಹುದು: 'ಕಣ್ಣಿಗೆ ಕಾಣದ ಅಣುಗಳನ್ನು ತಕ್ಕಡಿಯಿಂದ ಎಣಿಸುವುದು ಹೇಗೆ?'

ಆಮೇಲೆ ನಿಧಾನದ ಓದು. ಪ್ರತಿ ಪ್ಯಾರಾದ ಕೊನೆಗೆ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಮೇಲಿನದರಿಂದ ಹೇಗೆ ಬಂತು? ಇದು ಹೀಗಿರದಿದ್ದರೆ ಏನಾಗುತ್ತಿತ್ತು? 1989ರಲ್ಲಿ ಮಿಷೆಲೀನ್ ಚೀ ಮತ್ತು ಸಂಗಡಿಗರು ಭೌತವಿಜ್ಞಾನದ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಗಮನಿಸಿದಾಗ ಎದ್ದು ಕಂಡ ವ್ಯತ್ಯಾಸ ಇದೇ. ಮುಂದೆ ಲೆಕ್ಕ ಚೆನ್ನಾಗಿ ಬಿಡಿಸಿದವರು ಓದುವಾಗ ಪ್ರತಿ ಹೆಜ್ಜೆಗೂ ಕಾರಣವನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಉಳಿದವರು ಸಾಲುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು.

ಸೂತ್ರ ಬಂದಾಗ ಅದರ ಪ್ರತಿ ಅಕ್ಷರಕ್ಕೂ ಮೂರು ಮಾತು ಬರೆಯಿರಿ: ಅದು ಏನು, ಅದರ ಮಾನ ಯಾವುದು, ಯಾವ ಸಂದರ್ಭದಲ್ಲಿ ಅದು ನಡೆಯುವುದಿಲ್ಲ. ಮೂರನೆಯದನ್ನು ಬಹುತೇಕ ಯಾರೂ ಬರೆಯುವುದಿಲ್ಲ, ಪರೀಕ್ಷೆಯಲ್ಲಿ ಎಡವುವುದೂ ಅಲ್ಲಿಯೇ.

## ಬಿಡಿಸಿದ ಲೆಕ್ಕವನ್ನು ಮೆಟ್ಟಿಲಾಗಿಸಿಕೊಳ್ಳುವುದು

ಹೊಸ ವಿಷಯಕ್ಕೆ ನೇರವಾಗಿ ಲೆಕ್ಕ ಬಿಡಿಸಲು ಕೂತರೆ ಉತ್ತರ ಹುಡುಕುವ ಪರದಾಟದಲ್ಲೇ ಕಟ್ಟೆ ತುಂಬಿಹೋಗುತ್ತದೆ, ಕಲಿಕೆಗೆ ಜಾಗ ಸಿಗುವುದಿಲ್ಲ. ಬೀಜಗಣಿತದಲ್ಲಿ ಹೊಸಬರಿಗೆ ಬಿಡಿಸಿದ ಲೆಕ್ಕಗಳನ್ನು ಓದಿಸುವುದೇ ಲಾಭ ಎಂದು ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ತೋರಿಸಿದರು. ಆದರೆ ಓದುವುದಕ್ಕೂ ಒಂದು ಕ್ರಮವಿದೆ. ಮೋಲ್‌ನಲ್ಲೇ ನೋಡೋಣ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ಒಂದು ಮೊಳೆ 2 ಗ್ರಾಂ ಇದ್ದರೆ ಒಂದು ಕಿಲೋದಲ್ಲಿ 500 ಮೊಳೆ ಇವೆಯೆಂದು ಬಡಗಿಗೆ ಗೊತ್ತು. ತೂಕದಿಂದ ಎಣಿಕೆಗೆ ಹೋಗುವ ಸೇತುವೆ ಅದು. ಅಣುಗಳ ಲೋಕದಲ್ಲಿ ಆ ಸೇತುವೆಯ ಹೆಸರು ಮೋಲ್. ಡಜನ್ ಎಂದರೆ 12 ಇದ್ದ ಹಾಗೆ ಮೋಲ್ ಎಂದರೆ 6.022 × 10²³. 2019ರಿಂದ ಇದನ್ನು 6.02214076 × 10²³ ಎಂದು ಖಚಿತವಾಗಿ ನಿಗದಿ ಮಾಡಿದ್ದಾರೆ. ಒಂದು ಮೋಲ್ ಹೈಡ್ರೋಜನ್ ಅನಿಲ 2 ಗ್ರಾಂ, ಒಂದು ಮೋಲ್ ಆಕ್ಸಿಜನ್ ಅನಿಲ 32 ಗ್ರಾಂ, ಒಂದು ಮೋಲ್ ನೀರು 18 ಗ್ರಾಂ ತೂಗುತ್ತವೆ.

ಇನ್ನು 'ಲಿಮಿಟಿಂಗ್ ರೀಏಜೆಂಟ್'. ಎಂದರೆ ಮೊದಲು ಮುಗಿದುಹೋಗಿ ಕ್ರಿಯೆಯನ್ನು ನಿಲ್ಲಿಸುವ ವಸ್ತು. ಒಂದು ತಾಂಬೂಲಕ್ಕೆ ಎರಡು ಎಲೆ, ಒಂದು ಅಡಿಕೆ ಎಂದಿಟ್ಟುಕೊಳ್ಳಿ. 20 ಎಲೆ, 7 ಅಡಿಕೆ ಇದ್ದರೆ 7 ತಾಂಬೂಲವಾಗಿ 6 ಎಲೆ ಉಳಿಯುತ್ತವೆ. ಅಡಿಕೆ ಮೊದಲು ಮುಗಿಯಿತು. 12 ಎಲೆ, 7 ಅಡಿಕೆ ಇದ್ದರೆ? ಎಲೆಯ ಸಂಖ್ಯೆಯೇ ದೊಡ್ಡದು, ಆದರೂ ಮೊದಲು ಮುಗಿಯುವುದು ಎಲೆ. 6 ತಾಂಬೂಲವಾಗಿ ಒಂದು ಅಡಿಕೆ ಉಳಿಯುತ್ತದೆ.

ನೀರಿನ ಸಮೀಕರಣವೂ ಇಂಥದ್ದೇ: 2 ಮೋಲ್ ಹೈಡ್ರೋಜನ್, 1 ಮೋಲ್ ಆಕ್ಸಿಜನ್ ಸೇರಿ 2 ಮೋಲ್ ನೀರು. ಈಗ ಲೆಕ್ಕ: 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಇದ್ದರೆ ಎಷ್ಟು ನೀರು?

ಹೆಜ್ಜೆ 1: ಗ್ರಾಂಗಳನ್ನು ಮೋಲ್‌ಗೆ ತನ್ನಿ. 10 ÷ 2 = 5 ಮೋಲ್ ಹೈಡ್ರೋಜನ್. 64 ÷ 32 = 2 ಮೋಲ್ ಆಕ್ಸಿಜನ್.
ಹೆಜ್ಜೆ 2: 2 ಮೋಲ್ ಆಕ್ಸಿಜನ್‌ಗೆ ಬೇಕಾದ ಹೈಡ್ರೋಜನ್ 4 ಮೋಲ್. ಇರುವುದು 5. ಹಾಗಾಗಿ ಆಕ್ಸಿಜನ್ ಮೊದಲು ಮುಗಿಯುತ್ತದೆ.
ಹೆಜ್ಜೆ 3: ಆಗುವ ನೀರು 4 ಮೋಲ್.
ಹೆಜ್ಜೆ 4: 4 × 18 = 72 ಗ್ರಾಂ. ಉಳಿದ ಹೈಡ್ರೋಜನ್ 1 ಮೋಲ್, ಎಂದರೆ 2 ಗ್ರಾಂ. ತಾಳೆ: 72 + 2 = 74, ಮೊದಲಿದ್ದದ್ದು 10 + 64 = 74.

ಇದನ್ನು ಓದಿ 'ಅರ್ಥವಾಯಿತು' ಎಂದು ಪುಟ ತಿರುವಬೇಡಿ. ಮೊದಲ ಸುತ್ತಿನಲ್ಲಿ ಪ್ರತಿ ಹೆಜ್ಜೆಯ ಪಕ್ಕ 'ಯಾಕೆ' ಎಂದು ಒಂದು ಸಾಲು ಬರೆಯಿರಿ. ಎರಡನೆಯ ಸುತ್ತಿನಲ್ಲಿ ಕೊನೆಯ ಹೆಜ್ಜೆಯನ್ನು ಕೈಯಿಂದ ಮುಚ್ಚಿ ನೀವೇ ಬರೆಯಿರಿ. ಮೂರನೆಯದರಲ್ಲಿ ಕೊನೆಯ ಎರಡು ಹೆಜ್ಜೆ ಮುಚ್ಚಿ. ನಾಲ್ಕನೆಯದು ಖಾಲಿ ಹಾಳೆಯ ಮೇಲೆ, ಪ್ರಶ್ನೆ ಮಾತ್ರ ಎದುರಿಗೆ. ಹೀಗೆ ಎರಡು ಮೂರು ಲೆಕ್ಕ ಆದ ಮೇಲೆ ಬಿಡಿಸಿದ ಲೆಕ್ಕಗಳನ್ನು ಬಿಟ್ಟುಬಿಡಬೇಕು. ಹೊಸಬರಿಗೆ ನೆರವಾದ ಅದೇ ಊರುಗೋಲು, ದಾರಿ ತಿಳಿದವರಿಗೆ ಅಡ್ಡಿಯಾಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡದ್ದೇ. ಗೈಡ್ ನೋಡಿಕೊಂಡೇ ವರ್ಷವಿಡೀ ಲೆಕ್ಕ 'ಮಾಡಿದವರು' ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದರಿಂದ.

ತಪ್ಪುಗಳನ್ನೂ ಹೀಗೆಯೇ ಹತ್ತಿರದಿಂದ ನೋಡಬೇಕು. ಈ ಲೆಕ್ಕದಲ್ಲಿ ಎರಡು ತಪ್ಪು ಸರ್ವೇಸಾಮಾನ್ಯ. ಒಂದು, ಗ್ರಾಂಗಳನ್ನೇ ಹೋಲಿಸುವುದು: '10 ಕಡಿಮೆ, 64 ಹೆಚ್ಚು, ಹಾಗಾಗಿ ಹೈಡ್ರೋಜನ್ ಮೊದಲು ಮುಗಿಯುತ್ತದೆ'. ಉತ್ತರ ತಪ್ಪುತ್ತದೆ, ಆದ್ದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು: ಅನುಪಾತ ಮರೆತು ಮೋಲ್‌ಗಳನ್ನು ಹೋಲಿಸುವುದು. '5ಕ್ಕಿಂತ 2 ಕಡಿಮೆ, ಹಾಗಾಗಿ ಆಕ್ಸಿಜನ್'. ಉತ್ತರ ಸರಿ ಬಂತು, ದಾರಿ ತಪ್ಪು! ಸರಿ ಗುರುತು ಬಿದ್ದದ್ದೇ ತಪ್ಪು ಗಟ್ಟಿಯಾಗಿಬಿಡುತ್ತದೆ. ಈಗ 6 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ತೆಗೆದುಕೊಳ್ಳಿ. 3 ಮೋಲ್ ಮತ್ತು 2 ಮೋಲ್. ಅದೇ ತಪ್ಪು ದಾರಿ ಮತ್ತೆ 'ಆಕ್ಸಿಜನ್' ಅನ್ನುತ್ತದೆ. ಆದರೆ 2 ಮೋಲ್ ಆಕ್ಸಿಜನ್‌ಗೆ 4 ಮೋಲ್ ಹೈಡ್ರೋಜನ್ ಬೇಕು, ಇರುವುದು 3. ಮೊದಲು ಮುಗಿಯುವುದು ಹೈಡ್ರೋಜನ್. ನೀರು 54 ಗ್ರಾಂ, ಉಳಿಯುವ ಆಕ್ಸಿಜನ್ 16 ಗ್ರಾಂ. ಹನ್ನೆರಡು ಎಲೆ, ಏಳು ಅಡಿಕೆಯ ಕಥೆಯೇ ಇದು. ಹಾಗಾಗಿ ಒಂದೇ ಮಾದರಿಯ ಹತ್ತು ಲೆಕ್ಕ ಮಾಡುವ ಬದಲು, ತಪ್ಪು ದಾರಿ ಹಿಡಿದರೆ ತಪ್ಪು ಉತ್ತರವೇ ಬರುವಂಥ ಮೂರು ಲೆಕ್ಕ ಆರಿಸಿಕೊಳ್ಳಿ.

## ಪುಸ್ತಕ ಮುಚ್ಚುವುದೇ ಓದು

ಇಡೀ ಲೇಖನದಲ್ಲಿ ಒಂದನ್ನೇ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ.

2006ರಲ್ಲಿ ಅಮೆರಿಕದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗ ಓದಿಸಿದರು. ಒಂದನ್ನು ಅವರು ಇನ್ನೊಮ್ಮೆ ಓದಿದರು. ಇನ್ನೊಂದರಲ್ಲಿ ಹಾಳೆ ಮುಚ್ಚಿಟ್ಟು, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಎರಡು ಸಲ ಓದಿದ್ದೇ ಮುಂದೆ: ಅದರಲ್ಲಿ ನೆನಪಾದದ್ದು 81%, ನೆನಪಿನಿಂದ ಬರೆದದ್ದರಲ್ಲಿ 75%. ಒಂದು ವಾರದ ನಂತರ ಫಲ ತಿರುವುಮುರುವು: ಎರಡು ಸಲ ಓದಿದ್ದರಲ್ಲಿ ಉಳಿದದ್ದು 42%, ನೆನಪಿನಿಂದ ಬರೆದದ್ದರಲ್ಲಿ 56%.

ಈ ಅಂಕಿಗಳಲ್ಲಿ ಒಂದು ಬಲೆ ಇದೆ. ಮತ್ತೆ ಓದುವುದು ಆ ಕ್ಷಣಕ್ಕೆ ನಿಜವಾಗಿಯೂ ಲಾಭ ಕೊಡುತ್ತದೆ. ಸಾಲುಗಳು ಪರಿಚಿತವಾಗುತ್ತವೆ, ಕಣ್ಣು ಸರಾಗವಾಗಿ ಓಡುತ್ತದೆ, ಗೊತ್ತಾಯಿತು ಎಂಬ ಹಿತ ಮೂಡುತ್ತದೆ. ದಾರಿಯಲ್ಲಿ ದಿನಾ ಎದುರಾಗುವವರ ಮುಖ ಗುರುತಿದ್ದು ಹೆಸರು ಬಾಯಿಗೆ ಬಾರದಿರುವ ಹಾಗೆ ಇದು. ಗುರುತಿಸುವುದು ಬೇರೆ, ಒಳಗಿನಿಂದ ಎತ್ತಿ ತೆಗೆಯುವುದು ಬೇರೆ. ಪರೀಕ್ಷೆಯೂ ಮುಂದಿನ ಪಾಠವೂ ಕೇಳುವುದು ಎರಡನೆಯದನ್ನು. ಎತ್ತಿ ತೆಗೆಯುವ ಪ್ರತಿ ಪ್ರಯತ್ನವೂ ಉಗ್ರಾಣದ ದಾರಿಯನ್ನು ಸವೆಸಿ ಸುಗಮ ಮಾಡುತ್ತದೆ. ಆ ಹೊತ್ತಿಗೆ ಅನುಭವವಾಗುವ ತಡವರಿಕೆ ಕಲಿಕೆ ನಡೆಯುತ್ತಿರುವುದರ ಸದ್ದು. ಮಕ್ಕಳು ಅದನ್ನು ತಮ್ಮ ಸೋಲು ಎಂದುಕೊಂಡು ಪುಸ್ತಕ ತೆರೆದುಬಿಡುತ್ತಾರೆ. ಅದಕ್ಕೆ ಈ ಮಾತನ್ನು ಅವರಿಗೆ ಮೊದಲೇ ಹೇಳಿಡಬೇಕು.

ಮಾಡುವ ಕ್ರಮ ಸರಳ. 25 ರಿಂದ 30 ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ನೆನಪಾದದ್ದೆಲ್ಲ ಬರೆಯಿರಿ. ಕ್ರಮ ಮುಖ್ಯವಲ್ಲ, ಕನ್ನಡವೋ ಇಂಗ್ಲಿಷೋ ಮುಖ್ಯವಲ್ಲ, ಚಿತ್ರವಾದರೂ ಸರಿ. ನೆನಪಾಗದಿದ್ದರೆ ತಕ್ಷಣ ಇಣುಕದೆ ಒಂದೆರಡು ನಿಮಿಷ ತಿಣುಕಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿಸಿ. ಮುಂದಿನ ಸಲ ಓದಬೇಕಾದದ್ದು ಆ ಬಣ್ಣದ ಭಾಗವನ್ನು ಮಾತ್ರ.

ಇಲ್ಲಿ ಕೆಡುವುದು ಎರಡು ಕಡೆ. ತಾಳೆ ನೋಡದೆ ಬಿಟ್ಟರೆ ತಪ್ಪೇ ನೆನಪಾಗಿ ಕೂರುತ್ತದೆ. ಬರೀ ವ್ಯಾಖ್ಯೆಗಳನ್ನು ಕೇಳಿಕೊಂಡರೆ ವ್ಯಾಖ್ಯೆಗಳಷ್ಟೇ ಉಳಿಯುತ್ತವೆ. 'ಮೋಲ್ ಎಂದರೇನು' ಎಂಬುದರ ಜೊತೆ 'ಗ್ರಾಂ ಇರುವಾಗ ಮೋಲ್ ಯಾಕೆ ಬೇಕಾಯಿತು', '18 ಗ್ರಾಂ ನೀರಿನಲ್ಲೂ 2 ಗ್ರಾಂ ಹೈಡ್ರೋಜನ್‌ನಲ್ಲೂ ಅಣುಗಳ ಸಂಖ್ಯೆ ಒಂದೇ ಹೇಗೆ' ಎಂಬುದೂ ಇರಲಿ. ಪ್ಯಾಂಟಿನ ಜಿಪ್ ಹೇಗೆ ಕೆಲಸ ಮಾಡುತ್ತದೆಂದು ಕೇಳಿದರೆ ಎಲ್ಲರೂ ಗೊತ್ತು ಅನ್ನುತ್ತಾರೆ. ಹೆಜ್ಜೆ ಹೆಜ್ಜೆಯಾಗಿ ವಿವರಿಸಲು ಹೇಳಿದ ಮೇಲೆ, ತಮಗೆ ಎಷ್ಟು ಗೊತ್ತಿದೆ ಎಂಬ ಅಂದಾಜನ್ನು ಅವರೇ ಇಳಿಸಿಕೊಳ್ಳುತ್ತಾರೆ. 2002ರಲ್ಲಿ ರೋಸೆನ್‌ಬ್ಲಿಟ್ ಮತ್ತು ಕೈಲ್ ಇಂಥ ದಿನಬಳಕೆಯ ವಸ್ತುಗಳನ್ನೇ ಇಟ್ಟುಕೊಂಡು ಈ ಭ್ರಮೆಯನ್ನು ತೋರಿಸಿದರು. 'ಯಾಕೆ', 'ಹೇಗೆ' ಎಂಬ ಪ್ರಶ್ನೆಗಳು ಒಡೆಯುವುದು ಇದನ್ನೇ.

## ಮರೆವಿಗೆ ಒಂದು ವೇಳಾಪಟ್ಟಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, 1885ರಲ್ಲಿ ಮರೆವಿನ ಲೆಕ್ಕ ಪ್ರಕಟಿಸಿದರು. ಅವರು ಅಳೆದದ್ದು, ಎರಡನೆಯ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದನ್ನು. 20 ನಿಮಿಷದ ನಂತರ ಸುಮಾರು 58%, ಒಂದು ದಿನದ ನಂತರ 34%, 31 ದಿನದ ನಂತರ 21%. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲ. ಆದರೆ ಇಳಿಜಾರಿನ ಆಕಾರ ಇದೇ: ಮೊದಲ ದಿನ ಕಡಿದು, ಆಮೇಲೆ ಮೆಲ್ಲಗೆ.

ಇದಕ್ಕೆ ಮದ್ದು, ಅದೇ ಗಂಟೆಗಳನ್ನು ಹಂಚಿ ಓದುವುದು. ಒಂದೇ ದಿನ ಮೂರು ಗಂಟೆ ಕೂರುವ ಬದಲು ಮೂರು ದಿನ ಒಂದೊಂದು ಗಂಟೆ. ಅಂತರ ಎಷ್ಟಿರಬೇಕು ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. 2008ರ ಒಂದು ದೊಡ್ಡ ಪ್ರಯೋಗದಲ್ಲಿ, ವಾರದ ನಂತರ ನೆನಪಿರಬೇಕಾದರೆ ಒಂದು ದಿನದ ಅಂತರ, ಎಪ್ಪತ್ತು ದಿನದ ನಂತರ ನೆನಪಿರಬೇಕಾದರೆ ಸುಮಾರು ಮೂರು ವಾರದ ಅಂತರ ಚೆನ್ನಾಗಿ ಫಲಿಸಿತು. ಇಷ್ಟು ಲೆಕ್ಕ ಹಾಕುವುದು ಬೇಡವೆಂದರೆ 1, 3, 7, 21ನೇ ದಿನ ಎಂದು ಇಟ್ಟುಕೊಳ್ಳಿ. ಪಾಠ ಮುಗಿದ ದಿನವೇ ಕ್ಯಾಲೆಂಡರ್‌ನಲ್ಲಿ ಆ ನಾಲ್ಕು ದಿನಾಂಕಗಳಿಗೆ 'ಮೋಲ್' ಎಂದು ಬರೆದುಬಿಡಿ. ಆ ದಿನ ಮಾಡಬೇಕಾದದ್ದು ಹತ್ತು ಹದಿನೈದು ನಿಮಿಷದ ಕೆಲಸ: ಖಾಲಿ ಹಾಳೆ, ಒಂದು ಲೆಕ್ಕ, ತಾಳೆ.

ಚಿಕ್ಕ ಸಂಗತಿಗಳಿಗೆ ಚೀಟಿಗಳು ಒಳ್ಳೆಯದು. ಮುಂದೆ ಪ್ರಶ್ನೆ, ಹಿಂದೆ ಉತ್ತರ, ಒಂದು ಚೀಟಿಗೆ ಒಂದೇ ಪ್ರಶ್ನೆ. ಮೂರು ಹಳೇ ಲಕೋಟೆ ತೆಗೆದುಕೊಂಡು 'ದಿನಾ', 'ಮೂರು ದಿನಕ್ಕೊಮ್ಮೆ', 'ವಾರಕ್ಕೊಮ್ಮೆ' ಎಂದು ಬರೆಯಿರಿ. ಸರಿ ಹೇಳಿದರೆ ಚೀಟಿ ಮುಂದಿನ ಲಕೋಟೆಗೆ, ತಪ್ಪಿದರೆ ಮೊದಲನೆಯದಕ್ಕೆ ವಾಪಸ್. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಉಪಾಯ ಇದು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಚೀಟಿ ಸೇರಿಸಬೇಡಿ. ಉತ್ಸಾಹದಲ್ಲಿ ಐವತ್ತು ಬರೆದವರು ಎರಡನೆಯ ವಾರಕ್ಕೆ ಲಕೋಟೆಯನ್ನೇ ಮುಟ್ಟುವುದಿಲ್ಲ.

ನಿದ್ದೆಗೆಟ್ಟು ಓದುವುದು ಈ ಲೆಕ್ಕದಲ್ಲಿ ಎರಡು ಸಲ ನಷ್ಟ. ಓದಿದ್ದು ಉಗ್ರಾಣದಲ್ಲಿ ನೆಲೆಯಾಗುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ, ಮಾರನೆಯ ದಿನ ಕಟ್ಟೆಯೂ ಕುಗ್ಗಿರುತ್ತದೆ.

## ಲೆಕ್ಕಗಳನ್ನು ಕಲಸಿ ಮಾಡಿ

ಪಾಠದ ಕೊನೆಯ ಇಪ್ಪತ್ತು ಲೆಕ್ಕಗಳೂ ಒಂದೇ ದಾರಿಯವು. ಮೂರನೆಯದರಿಂದ ಕೈ ತಾನಾಗಿಯೇ ಓಡುತ್ತದೆ, ತಲೆ ಸುಮ್ಮನಿರುತ್ತದೆ. ಪರೀಕ್ಷೆಯಲ್ಲಾದರೋ ಯಾವ ಲೆಕ್ಕ ಯಾವ ಪಾಠದ್ದು ಎಂದು ಯಾರೂ ಹೇಳುವುದಿಲ್ಲ. ದಾರಿ ಆರಿಸುವುದೇ ಅರ್ಧ ಕೆಲಸ, ಅದರ ಅಭ್ಯಾಸವೇ ಆಗಿರುವುದಿಲ್ಲ.

2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟರು. ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ 89% ಸರಿ ಮಾಡಿದರು, ಕಲಸಿ ಮಾಡಿದವರು 60% ಮಾತ್ರ. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರಿಗೆ 20%, ಕಲಸಿ ಮಾಡಿದವರಿಗೆ 63%.

ದಿನಕ್ಕೆ ಎಂಟು ಲೆಕ್ಕವಾದರೆ ಇಂದಿನ ಪಾಠದ್ದು ಮೂರು, ಕಳೆದ ವಾರದ್ದು ಮೂರು, ತಿಂಗಳ ಹಿಂದಿನದು ಎರಡು ಇರಲಿ. ಬಿಡಿಸುವ ಮುನ್ನ ಎಂಟಕ್ಕೂ 'ಯಾವ ದಾರಿ, ಯಾಕೆ' ಎಂದು ಒಂದೊಂದು ಸಾಲು ಬರೆಯಿರಿ. ಹೊತ್ತಿಲ್ಲದ ದಿನ ಆ ಸಾಲುಗಳನ್ನಷ್ಟೇ ಬರೆದರೂ ಲಾಭವಿದೆ. ಆದರೆ ಒಂದು ದಾರಿಯೂ ಸರಿಯಾಗಿ ಗೊತ್ತಿಲ್ಲದಾಗ ಕಲಸಿದರೆ ಗೊಂದಲ ಮಾತ್ರ ಸಿಗುತ್ತದೆ. ಪ್ರತಿ ಬಗೆಯಲ್ಲೂ ಮೂರ್ನಾಲ್ಕು ಲೆಕ್ಕ ಬಿಡಿಯಾಗಿ ಮಾಡಿದ ಮೇಲೆ ಕಲಸಿ.

## ಎಲ್ಲಿ ಸಿಕ್ಕಿಕೊಂಡಿದ್ದೀರಿ?

'ಅರ್ಥವಾಗಲಿಲ್ಲ' ಎಂಬ ಮಾತಿಗೆ ಯಾವ ಮೇಷ್ಟರೂ ಉತ್ತರ ಕೊಡಲಾರರು. ಸಿಕ್ಕು ಯಾವ ಜಾಗದಲ್ಲಿದೆ ಎಂದು ಮೊದಲು ಹುಡುಕಬೇಕು. ಪದ ಗೊತ್ತಿಲ್ಲದಿರಬಹುದು. ಎರಡು ಸಾಲುಗಳ ನಡುವೆ ಪುಸ್ತಕವೇ ಒಂದು ಹೆಜ್ಜೆ ಹಾರಿರಬಹುದು. ಅಥವಾ, ಬಹಳ ಸಲ ಹೀಗೇ ಆಗುತ್ತದೆ, ಹಿಂದಿನ ತರಗತಿಯ ಕಲ್ಲೊಂದು ಅಲುಗಾಡುತ್ತಿರಬಹುದು. ಮೋಲ್ ಕಷ್ಟ ಅನ್ನುವ ಎಷ್ಟೋ ಮಕ್ಕಳಿಗೆ ನಿಜವಾಗಿ ಕಷ್ಟವಾಗಿರುವುದು ಏಳನೇ ತರಗತಿಯ ಅನುಪಾತ, ಇಲ್ಲವೇ ಘಾತಾಂಕ. ಅಲ್ಲಿಗೆ ಇಳಿದು ಒಂದು ಸಂಜೆ ಕಳೆದರೆ ಮೇಲಿನ ಮೂರು ಪಾಠ ಸಡಿಲವಾಗುತ್ತವೆ. ಚಿಕ್ಕ ತರಗತಿಯ ಪುಸ್ತಕ ತೆರೆಯಲು ಸಂಕೋಚ ಬೇಡ.

ಇನ್ನೊಂದು ಉಪಾಯ, ಸಂಖ್ಯೆಗಳನ್ನು ಚಿಕ್ಕದು ಮಾಡುವುದು. 10²³ ಕಣ್ಣು ಕಟ್ಟುತ್ತಿದ್ದರೆ ಒಂದು ಮೋಲ್ ಎಂದರೆ 12 ಅಣು ಎಂದೇ ಹಿಡಿದು ಲೆಕ್ಕ ಮಾಡಿ. ದಾರಿ ಕಂಡ ಮೇಲೆ ನಿಜವಾದ ಸಂಖ್ಯೆ ಹಾಕಿ. ಇಪ್ಪತ್ತು ನಿಮಿಷ ಪ್ರಯತ್ನಿಸಿಯೂ ಮುಂದೆ ಹೋಗದಿದ್ದರೆ ನಿಲ್ಲಿಸಿ, ಮಾರನೆಯ ದಿನ ರಫ್ ಹಾಳೆಯ ಸಮೇತ ಲೆಕ್ಚರರ್ ಬಳಿ ಹೋಗಿ, "ಸರ್, ಎರಡನೇ ಹೆಜ್ಜೆವರೆಗೆ ಬಂದೆ, ಇಲ್ಲಿ ನಾಲ್ಕರಿಂದ ಯಾಕೆ ಗುಣಿಸಿದರು ಗೊತ್ತಾಗಲಿಲ್ಲ" ಎಂದು ಬೆರಳಿಟ್ಟು ತೋರಿಸಿ. ಎರಡು ನಿಮಿಷದಲ್ಲಿ ಉತ್ತರ ಸಿಗುವ ಪ್ರಶ್ನೆ ಅದು.

## ಬಾಯಿಪಾಠ ಬೇಡವೇ?

ಬೇಕು, ಅದರ ಜಾಗದಲ್ಲಿ. ಮಗ್ಗಿ ಬಾಯಿಗೆ ಬರುವವರಿಗೆ 64 ÷ 32 ಕಟ್ಟೆಯ ಮೇಲೆ ಜಾಗವನ್ನೇ ಹಿಡಿಯುವುದಿಲ್ಲ. ಮೊದಲ ಇಪ್ಪತ್ತು ಧಾತುಗಳು, ಅವುಗಳ ಪರಮಾಣು ರಾಶಿ, ಸಾಮಾನ್ಯ ವೇಲೆನ್ಸಿಗಳು, ತ್ರಿಕೋನಮಿತಿಯ ಹತ್ತಾರು ಸೂತ್ರಗಳು ಉರು ಹೊಡೆಯಲು ಯೋಗ್ಯವಾದವು. ಅವು ಪದೇ ಪದೇ ಬರುವ ಕಚ್ಚಾ ಸಾಮಾನು. ವಿವರಣೆಯನ್ನು, ಸಿದ್ಧಪಡಿಸಿದ ಉತ್ತರವನ್ನು ಉರು ಹೊಡೆಯುವುದು ಮಾತ್ರ ದಂಡ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಅದು ಕೈಕೊಡುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆ ಈ ಪಾಲು ಹಂಚಿಕೆಗೆ ಚೆನ್ನಾಗಿ ಒಪ್ಪುತ್ತದೆ.

## ಶ್ರಮ ಬೇಡುವ, ಫಲ ಕಡಿಮೆ ಕೊಡುವ ಅಭ್ಯಾಸಗಳು

2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ವಿಧಾನಗಳ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು ಮತ್ತು ಹಂಚಿ ಓದುವುದು. ಹೈಲೈಟರ್‌ನಿಂದ ಬಣ್ಣ ಬಳಿಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆಯಲ್ಲಿ ಉಳಿದವು. 'ನಾನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು' ಎಂದು ಮಕ್ಕಳನ್ನು ಬಗೆ ಬಗೆಯಾಗಿ ವಿಂಗಡಿಸಿ ಹಾಗೆಯೇ ಕಲಿಸಿದರೆ ಲಾಭ ಎಂಬುದಕ್ಕೂ ಗಟ್ಟಿ ಆಧಾರ ಸಿಕ್ಕಿಲ್ಲ. ಎಲೆಕ್ಟ್ರಿಕ್ ಸರ್ಕ್ಯೂಟನ್ನು ಎಲ್ಲರೂ ಚಿತ್ರ ಬರೆದೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ಯೂಟ್ಯೂಬ್ ಪಾಠಗಳಿಂದ ಉಪಯೋಗವಿದೆ, ಆದರೆ ಮತ್ತೆ ಓದುವುದರ ಬಲೆ ಇಲ್ಲೂ ಇದೆ: ಚೆನ್ನಾಗಿ ವಿವರಿಸಿದವರ ಸರಾಗವನ್ನು ನಮ್ಮದೇ ತಿಳಿವಳಿಕೆ ಎಂದುಕೊಳ್ಳುತ್ತೇವೆ. ಲೆಕ್ಕ ಬೋರ್ಡಿನ ಮೇಲೆ ಬಂದೊಡನೆ ವಿಡಿಯೊ ನಿಲ್ಲಿಸಿ, ನೀವೇ ಒಂದು ಹೆಜ್ಜೆ ಬರೆದು, ಆಮೇಲೆ ಓಡಿಸಿ. ಖಾಲಿ ಹಾಳೆಯ ಹತ್ತು ನಿಮಿಷದಲ್ಲಿ ಮಾತ್ರ ಫೋನು ಇನ್ನೊಂದು ಕೋಣೆಯಲ್ಲಿರಲಿ.

## ಮನೆಯವರು ಮಾಡಬಹುದಾದದ್ದು

ರಸಾಯನವಿಜ್ಞಾನ ಗೊತ್ತಿಲ್ಲದ, ಇಂಗ್ಲಿಷ್ ಓದಲು ಬಾರದ ತಾಯಿತಂದೆಯೂ ಇಲ್ಲಿ ದೊಡ್ಡ ನೆರವಾಗಬಲ್ಲರು. ಚೀಟಿಗಳ ಉತ್ತರವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಅಮ್ಮ ತರಕಾರಿ ಹೆಚ್ಚುತ್ತಲೇ ಲಕೋಟೆಯಿಂದ ಒಂದೊಂದಾಗಿ ಕೇಳಬಹುದು. ಬರೆದ ಉತ್ತರಕ್ಕೂ ಹೇಳಿದ ಉತ್ತರಕ್ಕೂ ತಾಳೆಯಾಗದಿದ್ದರೆ ಆ ಚೀಟಿ ಮೊದಲ ಲಕೋಟೆಗೆ. ಲೆಕ್ಕವಾದರೆ "ಇದನ್ನು ನನಗೆ ಹೇಳಿಕೊಡು" ಎಂದರೆ ಸಾಕು. ವಿಷಯ ಗೊತ್ತಿಲ್ಲದವರಿಗೆ ಹೇಳುವಾಗ ಹಾರಿಸಿದ ಹೆಜ್ಜೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮಗಳು ಎಲೆ ಅಡಿಕೆ ಮುಂದಿಟ್ಟುಕೊಂಡು ಹೈಡ್ರೋಜನ್ ಮುಗಿಯುವುದನ್ನು ವಿವರಿಸುತ್ತಿರುವಾಗ ಅಜ್ಜಿ "ಹಾಗಾದರೆ ಉಳಿದ ಅಡಿಕೆ ಏನಾಯಿತು?" ಎಂದು ಕೇಳಿದರೆ, ಅದು ತಾಳೆ ನೋಡುವ ನಾಲ್ಕನೇ ಹೆಜ್ಜೆ.